ಬೊಗಳೆ ಡ್ರಾಗನ್

ನವರಾತ್ರಿ ರಜೆಯ ಒಂದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಲ್ಯಾಪ್‌ಟಾಪ್ ಮುಂದೆ ಕೂತು ಏಳು ಮಂತ್ರವಾದಿಗಳನ್ನು ಒಬ್ಬೊಬ್ಬರಾಗಿ ಕೊಂದೆ. ಏಳು ಜನರನ್ನೂ ಆಡಿಸುತ್ತಿದ್ದದ್ದು ಕಂಪ್ಯೂಟರೇ. ಕೊನೆಯವನನ್ನು ನನ್ನ ಸಿಂಹ ಮುಗಿಸಿತು. ಅವನು ಸತ್ತದ್ದೇ ತಡ, ಅವನು ಕರೆದು ತಂದಿದ್ದ ಹಾವು, ಬಾವಲಿ, ಅಸ್ಥಿಪಂಜರ ಎಲ್ಲ ಒಟ್ಟಿಗೆ ಮಾಯವಾದವು. ನಾನು ಗೆದ್ದೆನೆಂದು ಪರದೆ ಹೇಳಿತು. ಎದ್ದು ನೀರು ಕುಡಿದೆ. ಫ್ರಿಜ್ಜಿನ ಸದ್ದು ಬಿಟ್ಟರೆ ಮನೆಯಲ್ಲಿ ಏನೂ ಇರಲಿಲ್ಲ, ನನ್ನೊಳಗೂ ಏನೂ ಇರಲಿಲ್ಲ.

ಈ ಆಟವನ್ನು ಅದಕ್ಕೆ ಮೊದಲು ಆಡಿದ್ದು 1990ರಲ್ಲಿ. ಮಧ್ಯೆ ಎಷ್ಟೋ ಸಲ ನೆನಪಾಗಿದೆ, ಮೀಟಿಂಗುಗಳಲ್ಲಿ ಕೂತು ನೋಟ್‌ಬುಕ್ಕಿನ ಅಂಚಿನಲ್ಲಿ ಅದರ ಚೌಕಳಿ ಗೀಚಿದ್ದೂ ಉಂಟು. ಹೀಗೆ ಬಿಡದೆ ಕಾಡಿದ್ದು ಕೊನೆಗೆ ಕೈಗೆ ಬಂದಾಗ ಸಪ್ಪೆ ಎನಿಸಿದರೆ, ಕಾಡಿದ್ದು ಅದಲ್ಲ, ಅದರ ಪಕ್ಕದಲ್ಲಿದ್ದ ಇನ್ನೇನೋ ಎಂದಾಯಿತು. 'ಅದು ಬಾಲ್ಯ ಕಣಯ್ಯ' ಅಂದ ಗೆಳೆಯನ ಮಾತನ್ನು ನಾನು ಒಪ್ಪಲಿಲ್ಲ. ಬಾಲ್ಯದಲ್ಲಿ ಇನ್ನೂ ಸಾವಿರ ಸಂಗತಿ ಇದ್ದವು. ಮಳೆಗಾಲದ ಕೊಳೆತ ಕೊಡೆ ನನ್ನನ್ನು ಕಾಡುವುದಿಲ್ಲವಲ್ಲ. 'ಆಗ ಗ್ರಾಫಿಕ್ಸ್ ಇರಲಿಲ್ಲ, ಕಲ್ಪನೆ ಇತ್ತು' ಎಂಬ ಮಾತೂ ನನಗೆ ಅನುಮಾನವೇ. ಆ ಕಾಲದ ಆಟಗಳಲ್ಲಿ ಮುಕ್ಕಾಲು ಪಾಲು ಕೆಟ್ಟ ಆಟಗಳು. ನಮಗೆ ಬೇರೆ ಇರಲಿಲ್ಲ, ಅದಕ್ಕೆ ಆಡಿದೆವು.

ಇದೊಂದು ಮಾತ್ರ ಕೆಟ್ಟ ಆಟವಲ್ಲ. ಇದರ ಜೊತೆಗೇ ಒಂದು ಪ್ರಶ್ನೆ ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಉಳಿದುಬಿಟ್ಟಿತ್ತು: ಅಕ್ಕ ಯಾಕೆ ಆಡುವುದನ್ನು ಬಿಟ್ಟಳು?

ಯಾವ ಮೇಳದ್ದು?

ಚಿಕ್ಕಪ್ಪ ಬಹ್ರೇನಿನಲ್ಲಿ ಒಂದು ಕಂಪನಿಯ ಸ್ಟೋರಿನಲ್ಲಿದ್ದರು. 1987ರ ಮೇ ತಿಂಗಳಲ್ಲಿ ರಜೆಗೆ ಬರುವಾಗ ಎಂದಿನ ಟ್ಯಾಂಗ್ ಡಬ್ಬಿ, ಟೈಗರ್ ಬಾಮ್, ಪಾಲಿಯೆಸ್ಟರ್ ಸೀರೆಗಳ ಮಧ್ಯೆ ಟವೆಲಿನಲ್ಲಿ ಸುತ್ತಿದ ಒಂದು ಕಪ್ಪು ಹಲಗೆ ಇತ್ತು. ಊರಿಗೆ ಮರಳುತ್ತಿದ್ದ ಇಂಗ್ಲಿಷ್ ಸಾಹೇಬನೊಬ್ಬ ಮಗನ ಕಂಪ್ಯೂಟರನ್ನು ಬಿಟ್ಟುಹೋಗಿದ್ದನಂತೆ. ಝಡ್‌ಎಕ್ಸ್ ಸ್ಪೆಕ್ಟ್ರಮ್. ರಬ್ಬರಿನ 40 ಕೀ, ಮೂಲೆಯಲ್ಲಿ ಕಾಮನಬಿಲ್ಲಿನ ಪಟ್ಟಿ. ಜೊತೆಗೆ ಶೂ ಡಬ್ಬಿಯ ತುಂಬ ಕ್ಯಾಸೆಟ್ಟು. ಅಂಗಡಿಯ ಕ್ಯಾಸೆಟ್ಟುಗಳು ಕೆಲವೇ. ಉಳಿದವೆಲ್ಲ ಸಾಹೇಬನ ಮಗ ಗೆಳೆಯರಿಂದ ನಕಲು ಮಾಡಿಕೊಂಡ ಸಿ-90ಗಳು, ಮೇಲೆ ನೀಲಿ ಪೆನ್ನಿನ ಅಂಕುಡೊಂಕು ಅಕ್ಷರ. ಕೈಪಿಡಿ ಒಂದಕ್ಕೂ ಇರಲಿಲ್ಲ.

ನಮ್ಮ ಮನೆ ಬ್ರಹ್ಮಾವರದ ಕಡೆ. ಆಗ ಕೇಂದ್ರ ಸರಕಾರದ ಒಂದು ಯೋಜನೆಯಲ್ಲಿ ದೇಶದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರು ಬಂದಿದ್ದವು. ನಮ್ಮ ಶಾಲೆಗೆ ಬಂದದ್ದು ಒಂದು ಗ್ಲೋಬು. ಹಾಗಾಗಿ ಕಂಪ್ಯೂಟರು ಎಂದರೆ ಹೇಗಿರುತ್ತದೆಂದೇ ಗೊತ್ತಿಲ್ಲದ ನಮಗೆ, ಕೀಬೋರ್ಡು ಮಾತ್ರ ಇದ್ದು ಉಳಿದದ್ದು ಏನೂ ಇಲ್ಲ ಎಂಬುದು ಕೊರತೆ ಅಂತಲೂ ಅನಿಸಲಿಲ್ಲ. ಟಿವಿಗೆ ಹಾಕಬೇಕು ಎಂದು ಚಿಕ್ಕಪ್ಪ ಹೇಳಿದರು. ಹಾಕಿದೆವು. ಬಿಳಿ ಹುಯ್ಯುವುದು ಬಿಟ್ಟು ಬೇರೇನೂ ಕಾಣಲಿಲ್ಲ. ಇಂಗ್ಲೆಂಡಿನ ಆ ಪೆಟ್ಟಿಗೆ ಯುಎಚ್‌ಎಫ್‌ನ ತರಂಗಪಟ್ಟಿಯ 36ನೇ ಚಾನೆಲಿನಲ್ಲಿ ಚಿತ್ರ ಕಳಿಸುತ್ತದೆ, ದೂರದರ್ಶನಕ್ಕೆಂದು ಮಾಡಿದ ನಮ್ಮ ಟಿವಿಗೆ ವಿಎಚ್‌ಎಫ್ ಬಿಟ್ಟರೆ ಇನ್ನೊಂದು ಲೋಕವೇ ಇಲ್ಲ ಎಂದು ಗೊತ್ತಾಗಲು ಎರಡು ವಾರ ಬೇಕಾಯಿತು.

ಗೊತ್ತುಮಾಡಿದವರು ಉಡುಪಿ ಬಸ್‌ಸ್ಟ್ಯಾಂಡಿನ ಹಿಂದೆ ಟಿವಿ ರಿಪೇರಿ ಮಾಡುತ್ತಿದ್ದ ಒಬ್ಬರು. ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಅವರು ಕಂಪ್ಯೂಟರಿನ ಐದು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರು, ಎರಡು ತೆಳು ಪಟ್ಟಿಗಳು ಕೀಬೋರ್ಡಿನಿಂದ ಕೆಳಗೆ ಇಳಿದಿದ್ದವು. 'ಇದನ್ನು ಮುಟ್ಟಬಾರದು ಆಯ್ತಾ, ಒಣಗಿದ ಬಾಳೆಸೀಳಿನ ಹಾಗೆ ತುಂಡಾಗ್ತದೆ' ಎಂದು ನನ್ನನ್ನೇ ನೋಡಿ ಹೇಳಿದರು. ಆಮೇಲೆ ಒಂದು ತಗಡಿನ ಡಬ್ಬಿ ತೋರಿಸಿ, ಚಿತ್ರವನ್ನು ಚಾನೆಲ್ಲಿಗೆ ಹತ್ತಿಸುವುದು ಇದು, ನಮಗೆ ಇದು ಬೇಡವೇ ಬೇಡ ಎಂದು, ಅದರ ಬಾಗಿಲಲ್ಲೇ ಒಂದು ವಯರು ಬೆಸುಗೆ ಹಾಕಿ ಹೊರಗೆ ಎಳೆದರು. ನಮ್ಮ ದೊಡ್ಡ ಟಿವಿಗೆ ಅದನ್ನು ಜೋಡಿಸಲು ಮಾತ್ರ ಸುತರಾಂ ಒಪ್ಪಲಿಲ್ಲ. 'ಇದರ ಚಾಸಿಯಲ್ಲೇ ಕರೆಂಟು ಉಂಟು, ಮಕ್ಕಳು ಮುಟ್ಟಿದ್ರೆ ಕಥೆ ಮುಗೀತು.' ಕೊನೆಗೆ ಅವರದ್ದೇ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ, ಒಳಗೆ ಟ್ರಾನ್ಸ್‌ಫಾರ್ಮರ್ ಇದ್ದ 14 ಇಂಚಿನ ಬ್ಲ್ಯಾಕ್ ಅಂಡ್ ವೈಟ್ ಪೋರ್ಟಬಲ್ ಒಂದನ್ನು ಚಿಕ್ಕಪ್ಪ ಕೊಂಡರು. ಆ ಮನುಷ್ಯ ಅಷ್ಟು ಹಟ ಮಾಡದಿದ್ದರೆ ಈ ಬರಹ ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಆಟ ಟೇಪಿನಿಂದ ಇಳಿಯಬೇಕು. ಮನೆಯ ಟೂ-ಇನ್-ಒನ್ನಿನಿಂದ ಕಂಪ್ಯೂಟರಿಗೆ ಒಂದು ವಯರು. ಜೆ ಒತ್ತಿದರೆ ಲೋಡ್ ಎಂಬ ಪದ ಪೂರ್ತಿ ಬೀಳುತ್ತದೆ, ಸಿಂಬಲ್ ಶಿಫ್ಟ್ ಹಿಡಿದು ಎರಡು ಸಲ ಪಿ, ಎಂಟರ್, ಆಮೇಲೆ ಟೇಪಿನ ಪ್ಲೇ. ಪರದೆಯ ಅಂಚಿನಲ್ಲಿ ಗೆರೆಗಳು ಕುಣಿಯುತ್ತ ಐದು ನಿಮಿಷ ಕಿರುಚಾಟ. ವಾಲ್ಯೂಮು ಒಂದು ಕೂದಲೆಳೆ ಹೆಚ್ಚು ಕಡಿಮೆಯಾದರೂ ನಾಲ್ಕನೇ ನಿಮಿಷಕ್ಕೆ 'ಟೇಪ್ ಲೋಡಿಂಗ್ ಎರರ್'. ಸರಿಯಾದ ಜಾಗಕ್ಕೆ ಚಿಕ್ಕಮ್ಮನ ಸ್ಟಿಕ್ಕರ್ ಬೊಟ್ಟೊಂದನ್ನು ಅಂಟಿಸಿದ್ದೆವು. ಸಂಜೆ ಪಂಪ್‌ಸೆಟ್ಟುಗಳು ಶುರುವಾದರೆ ವೋಲ್ಟೇಜ್ ಬಿದ್ದು ಎಲ್ಲ ಮೊದಲಿಂದ.

ಮೊದಲ ಸಲ ಆ ಕಿರುಚಾಟ ಕೇಳಿ ಅಜ್ಜಿ ಒಳಗಿನಿಂದ ಬಂದರು. 'ಎಂತದು ಮಕ್ಕಳೇ?' 'ಆಟ ಅಜ್ಜೀ' ಅಂದೆ. ನಮ್ಮ ಕಡೆ ಆಟ ಎಂದರೆ ಯಕ್ಷಗಾನ. ಅಜ್ಜಿ ಪರದೆಯನ್ನು ಗಂಭೀರವಾಗಿ ನೋಡಿ, 'ಯಾವ ಮೇಳದ್ದು?' ಎಂದು ಕೇಳಿದರು.

ಸುಳ್ಳಿಗೆ ಒಂದು ಕೀ

ಶೂ ಡಬ್ಬಿಯಲ್ಲಿ ಹೊಡೆದಾಟದ ಆಟಗಳು ಬೇಕಾದಷ್ಟಿದ್ದವು. 'ದ ವೇ ಆಫ್ ದಿ ಎಕ್ಸ್‌ಪ್ಲೋಡಿಂಗ್ ಫಿಸ್ಟ್' ಎಂಬ ಕರಾಟೆ ಆಟದಲ್ಲಿ ಚಿಕ್ಕಪ್ಪನ ಮಗ ಪುಟ್ಟ ನಮ್ಮಿಬ್ಬರನ್ನೂ ಒಂದೇ ಒದೆತದಲ್ಲಿ ಮಲಗಿಸುತ್ತಿದ್ದ. ಅದು 1985ರ ಆಸ್ಟ್ರೇಲಿಯಾದ ಆಟ ಎಂದು ಮೊನ್ನೆ ತಿಳಿಯಿತು. ಮೈಕ್ ಸಿಂಗಲ್ಟನ್ ಎಂಬುವರು 1984ರಲ್ಲಿ ಮಾಡಿದ 'ಲಾರ್ಡ್ಸ್ ಆಫ್ ಮಿಡ್‌ನೈಟ್' ಇತ್ತು, ಹಿಮದ ನಾಡಿನಲ್ಲಿ ಸೈನ್ಯ ಕೂಡಿಸುತ್ತ ಹೋಗುವ ಯುದ್ಧ. ಯಾವ ಕೀ ಏನು ಮಾಡುತ್ತದೆಂದು ತೋರಿಸಲು ಕೀಬೋರ್ಡಿನ ಮೇಲೆ ಇಡುವ ಹಾಳೆಯೊಂದು ಅದರ ಜೊತೆ ಬರುತ್ತಿತ್ತಂತೆ. ನಮ್ಮಲ್ಲಿ ಹಾಳೆ ಇಲ್ಲ. ಒಬ್ಬ ಸರದಾರ ಹಿಮದಲ್ಲಿ ನಿಂತೇ ಇದ್ದ, ನಾವು ಒಂದು ಬೇಸಿಗೆ ಪೂರ್ತಿ ಅವನನ್ನು ತಿರುಗಿಸುತ್ತ ಕೂತೆವು.

ನಮ್ಮನ್ನು ಹಿಡಿದದ್ದು ಒಂದು ಸಿ-90ಯ ಬಿ ಮಗ್ಗುಲಲ್ಲಿದ್ದ 'ಕೇಯಾಸ್'. ಆ ಸ್ಪೆಲಿಂಗನ್ನು ಹಾಗೆ ಓದಬೇಕೆಂದು ಗೊತ್ತಾಗಿದ್ದು ಪಿಯುಸಿಯಲ್ಲಿ. ಅಲ್ಲಿಯವರೆಗೆ ನಮಗದು 'ಚಾವೋಸ್'. ಮಾಡಿದವರು ಜೂಲಿಯನ್ ಗೋಲಪ್ ಎಂಬ ಇಂಗ್ಲಿಷ್ ಹುಡುಗ, ಹೊರತಂದದ್ದು 1985ರಲ್ಲಿ ಗೇಮ್ಸ್ ವರ್ಕ್‌ಶಾಪ್. ಆಟ ಹೀಗೆ: ಕಪ್ಪು ಬಯಲಿನಲ್ಲಿ ಇಬ್ಬರಿಂದ ಎಂಟು ಜನ ಮಂತ್ರವಾದಿಗಳು. ಪ್ರತಿಯೊಬ್ಬನಿಗೂ ಆರಂಭದಲ್ಲೇ ಒಂದಷ್ಟು ಮಂತ್ರ ಸಿಕ್ಕುತ್ತದೆ, ಯಾವ್ಯಾವುದು ಎಂಬುದು ಅವರವರ ಅದೃಷ್ಟ. ಸುತ್ತಿಗೊಂದು ಮಂತ್ರ. ಕರಡಿ, ಸಿಂಹ, ನಾಗರಹಾವು ಕರೆಯಬಹುದು. ಕುದುರೆಯನ್ನೋ ರೆಕ್ಕೆಯ ಕುದುರೆಯನ್ನೋ ಕರೆದು ಏರಬಹುದು. ಅಂಟಂಟಾದ ಒಂದು ಲೋಳೆಯನ್ನು ಬಿಟ್ಟರೆ ಅದು ತಾನೇ ಬೆಳೆಯುತ್ತ ಸಿಕ್ಕವರನ್ನೆಲ್ಲ ನುಂಗುತ್ತದೆ. ಆದರೆ ದೊಡ್ಡ ಪ್ರಾಣಿ ಕರೆದಾಗ ಬರುವ ಸಂಭವ ಕಡಿಮೆ. ಗೋಲ್ಡನ್ ಡ್ರಾಗನ್ ನಿಜವಾಗಿ ಬಂದದ್ದನ್ನು ನಾನು ಮೂರು ವರ್ಷದಲ್ಲಿ ಎರಡು ಸಲ ನೋಡಿದ್ದೆ.

ಬಾರದಿದ್ದರೇನು, ಬಂದಂತೆ ಮಾಡಬಹುದಲ್ಲ! ಪ್ರಾಣಿಯನ್ನು ಆರಿಸಿದ ಕೂಡಲೇ ಆಟ ಕೇಳುತ್ತದೆ: ಇದು ಮಾಯೆಯೋ? ವೈ ಅಥವಾ ಎನ್. ವೈ ಎಂದರೆ ಪ್ರಾಣಿ ಬಂದೇ ಬರುತ್ತದೆ, ತಪ್ಪುವ ಮಾತೇ ಇಲ್ಲ. ನೋಡಲು ನಿಜದ ಹಾಗೆಯೇ ಇರುತ್ತದೆ, ನಿಜದ ಹಾಗೆಯೇ ಕೊಲ್ಲುತ್ತದೆ. ಅದಕ್ಕಿರುವುದು ಒಂದೇ ಕುತ್ತು. ಎಲ್ಲರ ಪಟ್ಟಿಯಲ್ಲೂ 'ಡಿಸ್‌ಬಿಲೀವ್' ಎಂಬ ಮಂತ್ರ ಎಂದೆಂದಿಗೂ ಇರುತ್ತದೆ, ಎಷ್ಟು ಸಲ ಬಳಸಿದರೂ ಖರ್ಚಾಗುವುದಿಲ್ಲ. ಯಾರಾದರೂ ಅದನ್ನು ಪ್ರಾಣಿಯ ಮೇಲೆ ಬಿಟ್ಟರೆ, ಮಾಯೆಯಾಗಿದ್ದರೆ ಅಲ್ಲೇ ಕರಗಿತು. ನಿಜವಾಗಿದ್ದರೆ ಬಿಟ್ಟವನ ಆ ಸುತ್ತಿನ ಮಂತ್ರ ದಂಡ.

ಕೈಪಿಡಿ ಇಲ್ಲದ ನಮಗೆ ಇದು ತಿಳಿದದ್ದು ಎಡವಿ ಎಡವಿ. ಡಿಸ್‌ಬಿಲೀವ್ ಅಂದರೆ ಏನೆಂದು ಅಪ್ಪನ ಡಿಕ್ಷನರಿಯಲ್ಲಿ ಹುಡುಕಿದ್ದು ಅಕ್ಕ. ಅವಳಾಗ ಒಂಬತ್ತನೇ ಕ್ಲಾಸು, ನಾನು ಏಳು. 'ನಂಬದಿರು ಅಂತೆ. ಯಾರನ್ನು ನಂಬದಿರುದು?' ಎಂದು ಕೇಳಿ ಅವಳೇ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಅವಳಿಗೆ ಹೊಳೆಯಿತು. ಇಂದ್ರಜಿತು ಮಾಯಾಸೀತೆಯನ್ನು ಕಡಿದು ಹನುಮಂತನನ್ನು ಮೋಸ ಮಾಡಿದ್ದನ್ನು ನಾವು ಗದ್ದೆಯಲ್ಲಿ ಚಾಪೆ ಹಾಸಿ, ಅರೆನಿದ್ದೆಯಲ್ಲಿ, ಆಟದಲ್ಲಿ ನೋಡಿದ್ದೆವಲ್ಲ. 'ಹನುಮಂತನ ಹತ್ರ ಈ ಮಂತ್ರ ಇರ್ಲಿಲ್ಲ, ನಮ್ಮ ಹತ್ರ ಉಂಟು' ಎಂದಳು. ಆಟದ ತತ್ವವನ್ನು ಅವಳಿಗಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಮಾಯೆಯ ಪ್ರಾಣಿಗೆ ಪುಟ್ಟ ಇಟ್ಟ ಹೆಸರು 'ಬೊಗಳೆ'. ಬೊಗಳೆ ಕರಡಿ, ಬೊಗಳೆ ಹಾವು, ಬೊಗಳೆ ಡ್ರಾಗನ್. ಡಿಸ್‌ಬಿಲೀವ್ ಮಾಡುವುದಕ್ಕೆ 'ಬೊಗಳೆ ಒಡೆಯುವುದು'.

(ಎಲ್ಲವನ್ನೂ ಸರಿಯಾಗಿಯೇ ಊಹಿಸಿದೆವು ಎಂದಲ್ಲ. ಕೆಲವು ಮಂತ್ರಗಳ ಮುಂದೆ ನಕ್ಷತ್ರದ ಗುರುತು ಇರುತ್ತಿತ್ತು. ಅವು ಹೆಚ್ಚು ಶಕ್ತಿಯವು ಎಂದು ಮೂರು ವರ್ಷ ನಂಬಿದ್ದೆವು. ನಕ್ಷತ್ರವೆಂದರೆ ಅದು ಅವ್ಯವಸ್ಥೆಯ ಪಕ್ಷದ ಮಂತ್ರ. ಎಲ್ಲರೂ ಅಂಥವನ್ನೇ ಹಾಕುತ್ತ ಹೋದರೆ ಆಟದ ಲೋಕವೇ ಆ ಕಡೆ ವಾಲಿ ಅಂಥ ಮಂತ್ರಗಳು ಸುಲಭವಾಗುತ್ತವೆ. ನಾವು ನಂಬಿ ನಂಬಿಯೇ ಅವನ್ನು ಶಕ್ತಿಯವು ಮಾಡಿಬಿಟ್ಟಿದ್ದೆವು!)

ಒಂದು ತೊಡಕಿತ್ತು. ಇರುವುದು ಒಂದು ಪರದೆ, ಒಂದು ಕೀಬೋರ್ಡು, ಮೂರು ಜನ. ಗುಟ್ಟು ಉಳಿಸಿಕೊಳ್ಳುವುದು ಹೇಗೆ? ಮಂತ್ರ ಆರಿಸುವವನು 'ಗೋಡೆ!' ಎಂದು ಕೂಗಬೇಕು. ಉಳಿದಿಬ್ಬರು ಎದ್ದು ಹೋಗಿ ಹಿಂದಿನ ಗೋಡೆಗೆ ಮುಖ ಹಾಕಿ ನಿಲ್ಲಬೇಕು. ಅವನು 'ಆಯ್ತು' ಅಂದ ಮೇಲೆ ತಿರುಗಬೇಕು. ಇನ್ನೊಬ್ಬ ಬಂದು ಕೂರುತ್ತಾನೆ, ಮತ್ತೆ ಗೋಡೆ. ಹಗಲು ಹೊತ್ತಿನಲ್ಲಿ ಪರದೆಯಲ್ಲಿ ಕಿಟಕಿಯೇ ಕಾಣುತ್ತಿದ್ದರಿಂದ ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಆ ಉಪ್ಪರಿಗೆ ಕೋಣೆಯನ್ನು ಕತ್ತಲೆ ಮಾಡಿ, ಟಿವಿಯ ಬೂದು ಬೆಳಕಿನಲ್ಲಿ ಮೂವರು ಹೀಗೆ ಏಳುವುದು, ಕೂರುವುದು, ಗೋಡೆಗೆ ನಿಲ್ಲುವುದು. ಚಿಕ್ಕಮ್ಮ ಒಂದು ದಿನ ಹಲಸಿನ ಹಪ್ಪಳ ತಂದವರು, ಇಬ್ಬರು ಮಕ್ಕಳು ಗೋಡೆಗೆ ಮುಖ ಹಾಕಿ ನಿಂತದ್ದನ್ನು ಕಂಡು ಯಾರು ಶಿಕ್ಷೆ ಕೊಟ್ಟದ್ದೆಂದು ವಿಚಾರಿಸಿದ್ದರು.

ಅಕ್ಕ ನಿಲ್ಲುವ ಜಾಗ ಯಾವಾಗಲೂ ಒಂದೇ, ಅಜ್ಜನ ಫೋಟೋದ ಮುಂದೆ. ಕೈ ಮುಗಿದು ನಿಲ್ಲುತ್ತಿದ್ದಳು. ಅಜ್ಜನ ಆಶೀರ್ವಾದ ಇದ್ದರೆ ಗೆಲ್ಲುತ್ತೇನೆ ಅನ್ನುತ್ತಿದ್ದಳು. ಗೆಲ್ಲುತ್ತಲೂ ಇದ್ದಳು.

ಕನ್ನಡಿಯ ಮುಂದೆ ಅಭ್ಯಾಸ

ನನ್ನ ಬೊಗಳೆಗಳನ್ನೆಲ್ಲ ಅಕ್ಕ ಒಡೆಯುತ್ತಿದ್ದಳು. 'ಎಲ್ಲ' ಅಂದರೆ ಉತ್ಪ್ರೇಕ್ಷೆಯಲ್ಲ. ನಾನು ಬೊಗಳೆ ಸಿಂಹ ಬಿಟ್ಟರೆ ಮುಂದಿನ ಸುತ್ತಿನಲ್ಲೇ ಅದು ಕರಗಿತು. ನಿಜವಾದ ಸಿಂಹ ಬಿಟ್ಟರೆ ಅದರ ತಂಟೆಗೇ ಬಾರದೆ ಬೇರೆ ದಾರಿ ಹಿಡಿಯುತ್ತಿದ್ದಳು. 'ಹೇಗೆ ಗೊತ್ತಾಗ್ತದೆ ನಿಂಗೆ?' ಎಂದರೆ 'ನಿನ್ನ ಮುಖದಲ್ಲಿ ಬರ್ದಿರ್ತದೆ ಮಾರಾಯ' ಎನ್ನುತ್ತಿದ್ದಳು. ಹಾಗಾಗಿ ನಾನು ಮುಖ ಸರಿಮಾಡಲು ಹೊರಟೆ. ಊಟವಾದ ಮೇಲೆ ಕಪಾಟಿನ ಕನ್ನಡಿಯ ಮುಂದೆ ನಿಂತು ಮನಸ್ಸಿನಲ್ಲಿ 'ಬೊಗಳೆ ಡ್ರಾಗನ್' ಎಂದುಕೊಂಡು ಹುಬ್ಬು ಅಲ್ಲಾಡದಂತೆ ಅಭ್ಯಾಸ ಮಾಡುತ್ತಿದ್ದೆ. ಆಮೇಲೆ 'ನಿಜ ಡ್ರಾಗನ್' ಎಂದುಕೊಂಡು ಅದೇ ಮುಖ. ತಿಂಗಳುಗಟ್ಟಲೆ ಈ ತಾಲೀಮು ನಡೆಯಿತು. ಒಂದು ಸಲ ನಿಜವಾದ ಕರಡಿಗೂ ಬೇಕೆಂದೇ ಅಪರಾಧಿಯ ಮುಖ ಮಾಡಿದೆ. ಅವಳು ನಕ್ಕು ಕರಡಿಯನ್ನು ಬಿಟ್ಟು ನನ್ನ ಮಂತ್ರವಾದಿಯನ್ನೇ ಸುಟ್ಟಳು.

ವಿಚಿತ್ರವೆಂದರೆ ಪುಟ್ಟನ ಬೊಗಳೆಗಳು ಅವಳಿಗೆ ಸಿಗುತ್ತಿರಲಿಲ್ಲ. ಒಂಬತ್ತು ವರ್ಷದ ಹುಡುಗ. ಸುಳ್ಳು ಹೇಳುವಾಗ ಮೂಗು ಒರೆಸಿಕೊಳ್ಳುತ್ತಿದ್ದವನು. ಅವನ ಪ್ರಾಣಿಗಳ ಎದುರು ಅಕ್ಕ ನಮ್ಮ ಹಾಗೆಯೇ ಊಹೆ ಮಾಡಿ, ನಮ್ಮ ಹಾಗೆಯೇ ಅರ್ಧ ಸಲ ತಪ್ಪುತ್ತಿದ್ದಳು. ಪುಟ್ಟನಿಗೆ ನನಗಿಂತ ಗಟ್ಟಿ ಮುಖವಿದೆ ಎಂದು ನಂಬಿ, ಒಳಗೊಳಗೇ ಕುದಿಯುತ್ತಿದ್ದೆ. ಅವನ ಮುಖವನ್ನೂ ಅಧ್ಯಯನ ಮಾಡಿದೆ, ಏನೂ ಸಿಗಲಿಲ್ಲ. ಕೀಬೋರ್ಡನ್ನು ಬಲಗೈಯ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದ, ಬಾಯಿ ತೆರೆದುಕೊಂಡು. ಇವನು ಹೇಗೆ ಪಾರಾಗುತ್ತಾನೆ!

ಗೋಲಪ್ ಅವರ ಹೆಸರು ಮತ್ತೆ ನನ್ನ ಕಣ್ಣಿಗೆ ಬಿದ್ದದ್ದು ಎಷ್ಟೋ ವರ್ಷದ ಮೇಲೆ, ಬೆಂಗಳೂರಿನ ಬಾಡಿಗೆ ರೂಮಿನಲ್ಲಿ, ಸೆಕೆಂಡ್‌ಹ್ಯಾಂಡ್ ಪಿಸಿಯ ಮುಂದೆ. ಅನ್ಯಗ್ರಹದವರ ವಿರುದ್ಧ ಸೈನಿಕರನ್ನು ಒಂದೊಂದೇ ಹೆಜ್ಜೆ ನಡೆಸುವ, 1994ರ 'ಯುಎಫ್‌ಒ: ಎನಿಮಿ ಅನ್‌ನೋನ್' ಆಟವನ್ನು ಮಾಡಿದವರು ಇವರು ಮತ್ತು ಇವರ ತಮ್ಮ ನಿಕ್. ಅದು ಲೋಕಪ್ರಸಿದ್ಧ ಆಟ, ಎಕ್ಸ್-ಕಾಮ್ ಎಂದರೆ ಇಂದಿನವರಿಗೂ ಗೊತ್ತು. ಕತ್ತಲ ಕೊಟ್ಟಿಗೆಯೊಂದರ ಬಾಗಿಲು ತೆರೆಯುವಾಗ ಒಳಗೆ ಯಾರು ಕಾಯುತ್ತಿದ್ದಾರೋ ಎಂದು ಅದರಲ್ಲೂ ಎದೆ ಹೊಡೆದುಕೊಳ್ಳುತ್ತದೆ. ಬಹಳ ಆಡಿದೆ, ಬಹಳ ಇಷ್ಟಪಟ್ಟೆ. ಆದರೆ ಅದರಲ್ಲಿ ಕಾಣದ್ದು ಕತ್ತಲೆಯೊಳಗೆ ಅಡಗಿರುತ್ತದೆ. ಕೇಯಾಸ್‌ನಲ್ಲಿ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಸಿಂಹ ಅಲ್ಲೇ ನಿಂತಿದೆ, ಎಲ್ಲರಿಗೂ ಕಾಣುತ್ತಿದೆ, ಇದೆಯೋ ಇಲ್ಲವೋ ಎಂಬುದು ಮಾತ್ರ ಚಾಪೆಯ ಮೇಲೆ ನಿಮ್ಮ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಹಪ್ಪಳ ತಿನ್ನುತ್ತಿರುವ ಒಬ್ಬರಿಗೆ ಗೊತ್ತು. ಇದನ್ನು ಹುಡುಗನೊಬ್ಬ 48 ಕೆಬಿಯಲ್ಲಿ ಕೂರಿಸಿದ್ದ. ನಾನು ಈಗ ಇದನ್ನು ಟೈಪ್ ಮಾಡುತ್ತಿರುವ ಕಡತವೇ ಅಷ್ಟು ದೊಡ್ಡದಿರಬಹುದು.

ಇರುವೆ ಹೊಕ್ಕ ಕಥೆ

1990ರ ಏಪ್ರಿಲ್‌ನಲ್ಲಿ ಕಂಪ್ಯೂಟರಿನೊಳಗೆ ಇರುವೆ ಹೊಕ್ಕಿತು. ಹಪ್ಪಳ, ಬೆಲ್ಲದ ಕೈ, ಅದೇ ಬೆರಳಲ್ಲಿ ಕೀಬೋರ್ಡು, ಹೊಗದೆ ಏನು ಮಾಡೀತು? ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ನಾನು ಅಪ್ಪನ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಐದು ಸ್ಕ್ರೂ, ಮುಚ್ಚಳ, ಎರಡು ತೆಳು ಪಟ್ಟಿ. ಉಡುಪಿಯವರ ಮಾತು ನೆನಪಿತ್ತು. ನೆನಪಿದ್ದುಕೊಂಡೇ, ಇರುವೆಗಳನ್ನು ಊದಲು ಜಾಗ ಬೇಕೆಂದು, ಕಿರಿದಾದ ಪಟ್ಟಿಯನ್ನು ಎಳೆದೆ. ಇರುವೆ ಹೋಯಿತು. ಪಟ್ಟಿಯನ್ನು ಹಾಗೆಯೇ ಒತ್ತಿ ಸಿಕ್ಕಿಸಿ ಮುಚ್ಚಿದೆ. ಆನ್ ಮಾಡಿದರೆ ಬಂತು. ದೇವರು ದೊಡ್ಡವನು ಅಂದುಕೊಂಡೆ.

ಸಂಜೆ ಆಡಲು ಕೂತಾಗ ಗೊತ್ತಾಯಿತು, ವೈ ಕೀ ಸತ್ತಿದೆ. ವೈ ಒಂದೇ ಅಲ್ಲ: ಕೀಬೋರ್ಡಿನ ನಟ್ಟನಡುವೆ ಮೇಲಿಂದ ಕೆಳಗೆ ಎರಡು ಕಂಬಸಾಲು ಸತ್ತಿದ್ದವು. 5, ಟಿ, ಜಿ, ವಿ ಒಂದು ಕಡೆ. 6, ವೈ, ಎಚ್, ಬಿ ಇನ್ನೊಂದು ಕಡೆ. ಆ 40 ಕೀಗಳನ್ನು ಎಂಟು ಗೆರೆ, ಐದು ಗೆರೆ ಅಡ್ಡಹಾಯ್ದು ಹೆಣೆದಿದ್ದಾರೆ. ಐದು ಗೆರೆಯ ಪಟ್ಟಿಯಲ್ಲಿ ಒಂದು ಬಿರುಕುಬಿಟ್ಟರೆ ಸಾಯುವುದು ಸರಿಯಾಗಿ ಈ ಎಂಟು ಎಂದು ಮುಂದೆ ಇಂಜಿನಿಯರಿಂಗ್ ಓದುವಾಗ ಒಂದು ದಿನ ಥಟ್ಟನೆ ಅರ್ಥವಾಯಿತು. ಆ ಕಂಪ್ಯೂಟರಿನ ಬೇಸಿಕ್ ಭಾಷೆಯಲ್ಲಿ ಜಿ ಎಂದರೆ ಗೋಟೂ, ಅಂದರೆ ಹೋಗು; ವೈ ಎಂದರೆ ರಿಟರ್ನ್, ಅಂದರೆ ಹಿಂದೆ ಬಾ. ಹೋಗುವ ಹಾಗೂ ಇಲ್ಲ, ಹಿಂದೆ ಬರುವ ಹಾಗೂ ಇಲ್ಲ. ಆದರೆ ಲೋಡ್ ಮಾಡಲು ಬೇಕಾದ ಜೆ, ಪಿ ಬದುಕಿದ್ದವು. ಕೇಯಾಸ್‌ನಲ್ಲಿ ನಡೆಯಲು ಬೇಕಾದ ಎಡಗಡೆಯ ಎಂಟು ಕೀ, ಆರಿಸುವ ಎಸ್, ಸುತ್ತು ಮುಗಿಸುವ ಸೊನ್ನೆ, ಇಲ್ಲ ಅನ್ನುವ ಎನ್, ಎಲ್ಲ ಸರಿಯಿದ್ದವು. ಪಟ್ಟಿಯ ಮೂರು ನಾಲ್ಕು ಮಂತ್ರ ಕೈಗೆಟುಕುತ್ತಿರಲಿಲ್ಲ, ಅಷ್ಟೇ. ಆಟಕ್ಕೆ ಬೇಕಾದ್ದೆಲ್ಲ ಇತ್ತು, ಸುಳ್ಳು ಹೇಳುವ ಕೀ ಒಂದನ್ನು ಬಿಟ್ಟು.

ತಪ್ಪು ಇರುವೆಯ ಮೇಲೆ ಹೋಯಿತು. ನಾನು ಒಪ್ಪಿಕೊಳ್ಳಲಿಲ್ಲ. ಇವತ್ತಿಗೂ ಒಪ್ಪಿಕೊಂಡಿರಲಿಲ್ಲ, ಇಲ್ಲಿ ಬರೆಯುವವರೆಗೆ.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಬೊಗಳೆಯೇ ಇಲ್ಲದ ಮೇಲೆ ಅಕ್ಕ ಏನನ್ನು ಒಡೆದಾಳು! ಆಡಿದೆವು. ಇನ್ನು ಎಲ್ಲರೂ ಹರಿಶ್ಚಂದ್ರರು. ಬಂದ ಸಿಂಹ ಸಿಂಹವೇ. ಬಾರದ ಡ್ರಾಗನ್ ಬರಲೇ ಇಲ್ಲ, ಎಲ್ಲರೂ ಕರೆದು ಕರೆದು ಸುಸ್ತು. ಗೋಡೆಗೆ ಹೋಗಿ ನಿಲ್ಲುವ ಪದ್ಧತಿ ಎರಡು ದಿನ ಉಳಿಯಿತು, ಮೂರನೇ ದಿನ ಪುಟ್ಟ 'ಇನ್ನೆಂತಕ್ಕೆ ಗೋಡೆ?' ಎಂದು ಕೂತಲ್ಲೇ ಕೂತ. ಹೌದಲ್ಲ ಎನಿಸಿತು. ಕರೆದದ್ದು ಬಂದವರು ಗೆದ್ದರು, ಬಾರದವರು ಸೋತರು. ಅಜ್ಜಿ ಆಡುತ್ತಿದ್ದ ಕವಡೆಗೂ ಇದಕ್ಕೂ ಏನೂ ವ್ಯತ್ಯಾಸ ಉಳಿಯಲಿಲ್ಲ. ಅಕ್ಕ ಸಾಲಾಗಿ ಮೂರು ಆಟ ಸೋತಳು. ನಾಲ್ಕನೆಯದರ ನಡುವೆ ಎದ್ದು, 'ಎಂತ ಮಜಾ ಇಲ್ಲ ಇದ್ರಲ್ಲಿ' ಎಂದು ಕೆಳಗಿಳಿದು ಹೋದಳು. ಮತ್ತೆ ಆ ಚಾಪೆಯ ಮೇಲೆ ಕೂರಲಿಲ್ಲ. ಸೆಕೆಂಡ್ ಪಿಯುಸಿಗೆ ಕಾಲಿಡುವ ವರ್ಷ, ಓದು ಅಂತ ಎಲ್ಲರೂ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಆದರೆ ಆ ರಜೆ ಇಡೀ ಅವಳು ಓದಿದ್ದನ್ನು ನಾನು ಕಾಣಲಿಲ್ಲ. ಜಗಲಿಯಲ್ಲಿ ಮಲಗಿ ಧಾರಾವಾಹಿ ಓದುತ್ತಿದ್ದಳು. ಸೋಲಿನಿಂದ ಬೇಸರವೇ? ಅಕ್ಕ ಹಾಗೆ ಸೋತು ಸಿಡುಕುವವಳಲ್ಲ. ಪುಟ್ಟನ ಕೈಯಲ್ಲಿ ಎಷ್ಟು ಸಲ ಸೋತು ನಕ್ಕಿದ್ದಳು. ಮಜಾ ಇಲ್ಲದ್ದು ನಮಗೂ ಗೊತ್ತಾಗಿತ್ತು, ಆದರೂ ನಾನೂ ಪುಟ್ಟನೂ ಮಳೆ ಹಿಡಿಯುವವರೆಗೆ ಎಳೆದೆವು. ಅವಳಿಗೆ ಮಾತ್ರ ಅಷ್ಟು ಬೇಗ, ಅಷ್ಟು ಪೂರ್ತಿಯಾಗಿ ಹೇಗೆ ಸಾಕಾಯಿತು?

ಆ ನವರಾತ್ರಿಯ ರಾತ್ರಿ, ಏಳು ಮಂತ್ರವಾದಿಗಳನ್ನು ಕೊಂದು ನೀರು ಕುಡಿಯುತ್ತಿದ್ದಾಗ ನನಗೆ ನೆನಪಾದದ್ದು ಇದು. ವೈ ಈಗ ಕೆಲಸ ಮಾಡುತ್ತಿತ್ತು. ನಾನು ಬೊಗಳೆಗಳನ್ನು ಬಿಟ್ಟಿದ್ದೆ ಕೂಡ. ಆದರೆ ಮುಖ ಗಟ್ಟಿ ಮಾಡಿಕೊಂಡು ಸುಳ್ಳು ಹೇಳಲು ಎದುರಿಗೆ ಇದ್ದದ್ದು ಫ್ರಿಜ್ಜು.

ದೀಪಾವಳಿ

ದೀಪಾವಳಿಗೆ ಊರಿಗೆ ಹೋದೆವು. ಅಕ್ಕನೂ ಬಂದಿದ್ದಳು, ಕಾಲೇಜಿಗೆ ಹೋಗುವ ಇಬ್ಬರು ಗಂಡುಮಕ್ಕಳೊಂದಿಗೆ. ಪುಟ್ಟ ಮಸ್ಕತ್‌ನಲ್ಲಿದ್ದಾನೆ, ವಿಡಿಯೋ ಕಾಲಿನಲ್ಲಿ ಬಂದು ತಲೆಯ ಮೇಲೆ ಕೂದಲಿಲ್ಲದ್ದನ್ನು ತೋರಿಸಿ ಹೋದ. ಹಂಡೆಗೆ ನೀರು ತುಂಬಿಸಿ, ಎಣ್ಣೆ ಸ್ನಾನ ಎಲ್ಲ ಮುಗಿದು, ಗೋಪೂಜೆಯ ರಾತ್ರಿ ಉಪ್ಪರಿಗೆಯಲ್ಲಿ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದೆ. ಗೋಡೆಗೆ ಈಗ ಹಸಿರು ಬಣ್ಣ. ಟಿವಿ ಆಗಿನದರ ಮೂರು ಪಟ್ಟು ಅಗಲ. ಅಳಿಯಂದಿರಿಬ್ಬರೂ ಎರಡು ನಿಮಿಷ ನೋಡಿ, 'ಮಾಮ, ಇದು ಲೋಡ್ ಆಗ್ತಾ ಉಂಟಾ ಅಥವಾ ಇದೇ ಆಟವಾ?' ಎಂದು ಕೇಳಿ ಪಟಾಕಿಗೆ ಇಳಿದುಹೋದರು.

ಅಕ್ಕ ಉಳಿದಳು. ಮೊಣಕಾಲು ನೋವು, ಚಾಪೆಯ ಬದಲು ಪ್ಲಾಸ್ಟಿಕ್ ಕುರ್ಚಿ. ಪರದೆಯ ಮೇಲೆ ಹೆಸರು ಟೈಪ್ ಮಾಡುವಾಗ ಆಗಿನ ಹಾಗೆಯೇ ತನ್ನ ಹೆಸರಿನ ಮುಂದೆ ಒಂದು ಚುಕ್ಕಿ ಸೇರಿಸಿದಳು. ಬಣ್ಣ ನೋಡಿ, 'ಓ, ಇದು ನೀಲಿಯಾ ಮಾರಾಯ!' ಅಂದಳು. ಇಬ್ಬರೇ, ಎರಡು ಮಂತ್ರವಾದಿ. ಮೊದಲ ಸರದಿ ನನ್ನದು. ಪಟ್ಟಿಯಲ್ಲಿ ಗೋಲ್ಡನ್ ಡ್ರಾಗನ್ ಇತ್ತು.

'ಗೋಡೆ!' ಅಂದೆ.

ಅಕ್ಕ ಕುರ್ಚಿಯ ತೋಳು ಹಿಡಿದು ಎದ್ದಳು. ಎರಡು ಹೆಜ್ಜೆ ಹೋಗಿ ನಿಂತು, 'ಆ ಟ್ಯೂಬ್‌ಲೈಟ್ ಒಂದು ಆರಿಸು' ಎಂದಳು.

'ಎಂತಕ್ಕೆ?'

'ಮೊದಲು ಕತ್ತಲೆ ಮಾಡ್ಕೊಂಡೇ ಆಡ್ತಿದ್ದದ್ದಲ್ವಾ.'

ಎದ್ದು ಆರಿಸಿದೆ. ಕೋಣೆಯಲ್ಲಿ ಟಿವಿಯ ಬೆಳಕು ಮಾತ್ರ ಉಳಿಯಿತು. ಕೂತು ಡ್ರಾಗನ್ ಆರಿಸಿದೆ. ಇದು ಮಾಯೆಯೋ ಎಂದು ಆಟ ಕೇಳಿತು. ನಡೆಸುವ ಕೀಗಳೆಲ್ಲ ಎಡಗಡೆ ಇರುವ ಆಟ, ಎಡಗೈ ಸದಾ ಕೀಬೋರ್ಡಿನ ಮೇಲೆಯೇ ಇರುತ್ತದೆ. ವೈ ಒತ್ತುವುದು ಎಡಗೈಯಲ್ಲಿ, ಎನ್ ಬಲಗೈಯಲ್ಲಿ. ಮೂವತ್ತೈದು ವರ್ಷ ಕಳೆದರೂ ಎಡಗೈ ತಾನಾಗಿಯೇ ಎದ್ದಿತು. ಅದೇಕೋ, ಒತ್ತುವ ಮೊದಲು ಒಂದು ಸಲ ಹಿಂದೆ ತಿರುಗಿ ನೋಡಿದೆ.

ಅಕ್ಕ ಗೋಡೆಗೇ ಮುಖ ಹಾಕಿ ನಿಂತಿದ್ದಳು, ಕೈ ಮುಗಿದುಕೊಂಡು, ಅಜ್ಜನ ಫೋಟೋದ ಮುಂದೆ. ಕತ್ತಲಲ್ಲಿ ಅಜ್ಜ ಕಾಣುತ್ತಿರಲಿಲ್ಲ. ಫೋಟೋದ ಗಾಜಿನಲ್ಲಿ ಕಾಣುತ್ತಿದ್ದದ್ದು ಟಿವಿಯ ಬೆಳಕು, ಅದರ ಮುಂದೆ ಕಪ್ಪಗೆ ನಾನು, ಎತ್ತಿದ ನನ್ನ ಎಡಮೊಣಕೈ.

ಮುಂದೆ ತಿರುಗಿ ಎಡಗೈ ತೊಡೆಯ ಮೇಲಿಟ್ಟೆ. ಬಲಗೈ ಚಾಚಿ ವೈ ಒತ್ತಿ, 'ಆಯ್ತು' ಅಂದೆ.